ತೊಳೆದ ಪಿಂಗಾಣಿಗೆ ಹತ್ತಿದ ಉಪ್ಪು

ಕೋವಿಡ್ ಲಾಕ್‌ಡೌನ್‌ಗಳೆಲ್ಲ ಮುಗಿದ ಮರುವರ್ಷ. ನಾನು ಆಗ ಜಗಳೂರು ಭಾಗದ ವಿದ್ಯುತ್ ಸ್ಟೇಷನ್‌ಗಳ ನಿರ್ವಹಣೆ ನೋಡಿಕೊಳ್ಳುವ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್. ಆ ಸ್ಟೇಷನ್‌ಗಳಲ್ಲಿ ಒಂದು ನಾನೇ ನಿಂತು ಕಟ್ಟಿಸಿದ್ದು. 66 ಕೆವಿಯಲ್ಲಿ ಬಂದ ವಿದ್ಯುತ್ತನ್ನು 11 ಕೆವಿಗೆ ಇಳಿಸಿ ಸುತ್ತಲಿನ ಹಳ್ಳಿಗಳಿಗೆ ಹಂಚುವ ಸ್ಟೇಷನ್. ಹೆಸರು ಬರೆಯುವುದಿಲ್ಲ, ಅಲ್ಲಿ ಈಗಲೂ ಜನ ಕೆಲಸ ಮಾಡುತ್ತಿದ್ದಾರೆ. ಪಾಯಕ್ಕೆ ಸುಣ್ಣದ ಗೆರೆ ಎಳೆದ ದಿನದಿಂದ ಮೊದಲ ಸಲ ವಿದ್ಯುತ್ ಹರಿಸಿ ಚಾರ್ಜ್ ಮಾಡಿದ ದಿನದವರೆಗೆ ಅಲ್ಲಿನ ಬಿಸಿಲು ಕುಡಿದವಳು ನಾನು. ಗೇಟಿನ ಪಕ್ಕದ ಕಲ್ಲಿನ ಮೇಲೆ ಉದ್ಘಾಟನೆ ಮಾಡಿದವರ ಹೆಸರಿದೆ, ನನ್ನ ಹೆಸರಿಲ್ಲ. ಆದರೂ ಅದು ನನ್ನ ಸ್ಟೇಷನ್.

ನನ್ನ ಊರು ಚನ್ನಗಿರಿ ತಾಲ್ಲೂಕಿನ ಉಬ್ರಾಣಿ. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ಅವ್ವ ಕಂಡವರ ಅಡಿಕೆ ಸುಲಿಯುತ್ತಿದ್ದಳು. ಎಂಜಿನಿಯರಿಂಗ್ ಅಂಕಪಟ್ಟಿ ಕೈಗೆ ಕೊಟ್ಟಾಗ ಬೆರಳಿನ ಕಪ್ಪು ಹತ್ತೀತೆಂದು ಸೆರಗಿನಲ್ಲಿ ಹಿಡಿದುಕೊಂಡು ನೋಡಿದಳು. ಅವ್ವ ಇಟ್ಟ ಹೆಸರು ಹನುಮಕ್ಕ. ಕಾಲೇಜಿನಲ್ಲಿ ಹುಡುಗರು ನಗುತ್ತಾರೆಂದು ಅಫಿಡವಿಟ್ ಮಾಡಿಸಿ ಹೇಮಾ ಆದೆ. ಇಲಾಖೆಯಲ್ಲಿ ಎಲ್ಲರಿಗೂ ನಾನು ಹೇಮಾ ಮೇಡಂ. ಒಬ್ಬಳನ್ನು ಬಿಟ್ಟು.

ಆ ಒಬ್ಬಳೇ ಓಬಮ್ಮ. ಜಗಳೂರು ತಾಲ್ಲೂಕಿನ ಬಿಳಿಚೋಡಿನವಳು, ಕುರಿ ಕಾಯುವವರ ಮನೆಯ ಹುಡುಗಿ. ದಾವಣಗೆರೆಯ ಸರ್ಕಾರಿ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚ ಅವಳದು. ಇಬ್ಬರದೂ ಒಂದೇ ಬ್ರಾಂಚ್, ಒಂದೇ ಸಾರು, ಒಂದೇ ವರ್ಷ ಇಲಾಖೆಗೆ ಸೇರಿದ್ದು. ಅವಳು ಹೆಸರು ಬದಲಾಯಿಸಿಕೊಳ್ಳಲಿಲ್ಲ. ಓಬಮ್ಮ ಆಗಿಯೇ ಬಂದಳು, ಓಬಮ್ಮ ಆಗಿಯೇ ಉಳಿದಳು. ಕೊನೆಗೆ ದೊಡ್ಡ ದೊಡ್ಡ ಸಾಹೇಬರು ಕೂಡ ‘ಓಬಮ್ಮನವರನ್ನು ಕೇಳಿ’ ಎನ್ನುವಂತೆ ಮಾಡಿದಳು.

ದೊಡ್ಡವರ ಮಕ್ಕಳನ್ನು ಕಂಡರೆ ನನಗೆ ಹೊಟ್ಟೆ ಉರಿದದ್ದಿಲ್ಲ. ಅವರ ಅಪ್ಪ ಎಂಜಿನಿಯರ್, ಮಾವ ಎಂಜಿನಿಯರ್, ಮನೆಯಲ್ಲಿ ಇಂಗ್ಲಿಷ್ ಪೇಪರ್. ಅವರು ಮುಂದೆ ಹೋದರೆ ಅದಕ್ಕೊಂದು ಕಾರಣ ಇರುತ್ತದೆ. ಪಕ್ಕದ ಮಂಚದವಳು ಮುಂದೆ ಹೋದರೆ ಯಾವ ಕಾರಣ ಹೇಳಿಕೊಳ್ಳಬೇಕು? ಅವಳ ಅಪ್ಪನೂ ಹೆಬ್ಬೆಟ್ಟು, ನನ್ನ ಅಪ್ಪನೂ ಹೆಬ್ಬೆಟ್ಟು. ನಾನು ಪುಸ್ತಕವನ್ನು ತಲೆದಿಂಬು ಮಾಡಿಕೊಂಡು ಓದುತ್ತಿದ್ದೆ. ಅವಳು ಮೆಸ್ಸಿನವರ ಜೊತೆ ಹರಟೆ ಹೊಡೆದು ಬಂದು, ನನ್ನ ನೋಟ್ಸನ್ನೇ ಒಂದು ಸಲ ತಿರುವಿ, ನನಗಿಂತ ಒಂದು ಹೆಜ್ಜೆ ಮುಂದೆ ಪಾಸಾಗುತ್ತಿದ್ದಳು. ಆಗಿನಿಂದ ಹೊತ್ತಿಕೊಂಡದ್ದು.

ಪ್ರಕರಣಕ್ಕೆ ಬರುವ ಮೊದಲು ಇನ್ಸುಲೇಟರ್ ಎಂದರೇನು ಹೇಳಿಬಿಡುತ್ತೇನೆ. ದೊಡ್ಡ ವಿದ್ಯುತ್ ಕಂಬಗಳಲ್ಲಿ ತಂತಿಯನ್ನು ಹಿಡಿದು ನಿಂತ ಕಂದು ಬಣ್ಣದ ಪಿಂಗಾಣಿ ತಟ್ಟೆಗಳ ಸರವನ್ನು ನೀವು ನೋಡಿರುತ್ತೀರಿ. ಒಂದೊಂದು ತಟ್ಟೆಗೆ ಡಿಸ್ಕ್ ಎನ್ನುತ್ತೇವೆ. 66 ಕೆವಿಗೆ ಸಾಮಾನ್ಯವಾಗಿ ಐದಾರು ಡಿಸ್ಕ್‌ಗಳ ಸರ. ತಂತಿಯಲ್ಲಿರುವ ವಿದ್ಯುತ್ತು ಕಬ್ಬಿಣದ ಟವರಿಗೆ ಇಳಿದು ಭೂಮಿ ಸೇರದಂತೆ ತಡೆಯುವುದಷ್ಟೇ ಅದರ ಕೆಲಸ. ತಟ್ಟೆಯ ಕೆಳಭಾಗ ನುಣುಪಾಗಿರುವುದಿಲ್ಲ, ಸೀರೆಯ ನೆರಿಗೆಯಂತೆ ಉಂಗುರಗಳಿರುತ್ತವೆ. ವಿದ್ಯುತ್ತು ಮೈಮೇಲೆ ಹರಿದು ಹೋಗಬೇಕಾದರೆ ಆ ನೆರಿಗೆಗಳನ್ನೆಲ್ಲ ಹತ್ತಿ ಇಳಿದು ಹೋಗಬೇಕು. ಆ ಸುತ್ತು ದಾರಿಯ ಉದ್ದಕ್ಕೆ ಕ್ರೀಪೇಜ್ ಎಂದು ಹೆಸರು. ದಾರಿ ಉದ್ದವಾದಷ್ಟೂ ಕ್ಷೇಮ.

ಧೂಳು ಕೂತ ಮಾತ್ರಕ್ಕೆ ಇನ್ಸುಲೇಟರ್ ಕೆಡುವುದಿಲ್ಲ. ಒಣಗಿದ ಧೂಳು ವಿದ್ಯುತ್ತನ್ನು ಹಾಯಲು ಬಿಡುವುದಿಲ್ಲ. ಜೋರು ಮಳೆಯೂ ಅಷ್ಟೇನೂ ವೈರಿಯಲ್ಲ, ಕೊಳೆಯನ್ನು ತೊಳೆದುಕೊಂಡು ಹೋಗುತ್ತದೆ. ಕೆಟ್ಟದ್ದು ಇಬ್ಬನಿ, ಮಂಜು, ತುಂತುರು. ಧೂಳಿನಲ್ಲಿರುವ ಉಪ್ಪನ್ನು ಕರಗಿಸುವಷ್ಟು ನೀರು ಅದರಲ್ಲಿರುತ್ತದೆ, ತೊಳೆಯುವಷ್ಟು ಇರುವುದಿಲ್ಲ. ಪಿಂಗಾಣಿಯ ಮೇಲೆ ಉಪ್ಪುನೀರಿನ ತೆಳು ಪದರ ಏಳುತ್ತದೆ, ಅದರ ಮೇಲೆ ವಿದ್ಯುತ್ತು ಸೋರಲು ಶುರು. ಸೋರಿದ ವಿದ್ಯುತ್ತಿನ ಬಿಸಿಗೆ ಅಲ್ಲಲ್ಲಿ ಪದರ ಒಣಗಿ ಪಟ್ಟಿ ಬೀಳುತ್ತದೆ. ಆಗ ಅಷ್ಟೂ ಒತ್ತಡ ಆ ಒಣ ಪಟ್ಟಿಯ ಮೇಲೆ ಬಿದ್ದು ಕಿಡಿ ಹಾರುತ್ತದೆ. ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಚಟಚಟ ಸದ್ದು. ಕಿಡಿಗೆ ಕಿಡಿ ಕೂಡಿ ಒಂದೇ ಸಲ ತುದಿಯಿಂದ ತುದಿಗೆ ಬೆಂಕಿ ಹರಿದರೆ ಅದು ಫ್ಲ್ಯಾಶ್‌ಓವರ್. ಕಾವಲಿಗಿರುವ ರಿಲೇ ಅದನ್ನು ಕಂಡು ಬ್ರೇಕರ್ ತೆರೆದು ವಿದ್ಯುತ್ತನ್ನು ಕಡಿಯುತ್ತದೆ. ಸ್ಟೇಷನ್ ಟ್ರಿಪ್. ಸುತ್ತಲಿನ ಊರುಗಳಿಗೆಲ್ಲ ಕತ್ತಲೆ.

ಆ ವರ್ಷ ಭತ್ತದ ಕೊಯ್ಲಿನ ಹೊತ್ತಿಗೆ ಹೊನ್ನಾಳಿಯಿಂದ ನ್ಯಾಮತಿ ಕಡೆಗೆ ಹೋಗುವ 66 ಕೆವಿ ಲೈನ್ ಮುಂಜಾನೆ ಮುಂಜಾನೆ ಟ್ರಿಪ್ ಆಗುತ್ತಿತ್ತು. ಆ ಭಾಗ ಓಬಮ್ಮನ ಸಬ್‌ಡಿವಿಷನ್‌ಗೆ ಸೇರಿದ್ದು. ಹೊಳೆ ದಂಡೆಯಲ್ಲಿ ದಟ್ಟ ಮಂಜು ಬೀಳುವ ಕಾಲ. ಅವಳು ಲೈನಿನ ಉದ್ದಕ್ಕೂ ನಡೆದು, ಅಕ್ಕಿ ಗಿರಣಿಗಳ ಉಮಿ ಬೂದಿ ಗಾಳಿಯಲ್ಲಿ ಬಂದು ಡಿಸ್ಕ್‌ಗಳ ನೆರಿಗೆಯಲ್ಲಿ ಕೂತಿರುವುದನ್ನು ಪತ್ತೆ ಹಚ್ಚಿದಳು. ತೊಳೆಯುವುದಕ್ಕೆ ಏನು ತಂದಳು ಗೊತ್ತೆ? ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್. ಮರದ ತುದಿಯ ಗೊನೆಗೆ ನೀರು ಮುಟ್ಟಿಸುವ ಯಂತ್ರಕ್ಕೆ ಟವರಿನ ಡಿಸ್ಕ್ ಯಾವ ಲೆಕ್ಕ? ಲೈನ್ ಆಫ್ ಮಾಡಿಸಿ, ತುಂಗಭದ್ರೆಯ ನೀರನ್ನು ಟ್ಯಾಂಕರಿಗೆ ತುಂಬಿ, ಸ್ಪ್ರೇಯರಿನಿಂದ ಕೆಳಗಿನಿಂದ ಮೇಲಕ್ಕೆ ಹೊಡೆಸಿದಳು. ಟ್ರಿಪ್ ನಿಂತುಹೋಯಿತು.

ಇಲಾಖೆಯ ವಾಟ್ಸಾಪ್ ಗುಂಪಿನಲ್ಲಿ ಅವಳ ಫೋಟೋ ಬಂತು. ತಲೆಗೆ ಹೆಲ್ಮೆಟ್, ಕೈಯಲ್ಲಿ ಸ್ಪ್ರೇಯರ್ ಗನ್, ಹಲ್ಲೆಲ್ಲ ಕಾಣುವಂತೆ ನಗು. ಕೆಳಗೆ ಸಾಲು ಸಾಲು ಚಪ್ಪಾಳೆ. ನಾನೂ ಒಂದು ಚಪ್ಪಾಳೆ ಒತ್ತಿದೆ. ಒತ್ತಿ, ಫೋನನ್ನು ಮಗುಚಿಟ್ಟೆ. ಹಿಂದೆ ನ್ಯಾಮತಿಯಲ್ಲಿ ಕೆಲಸಕ್ಕಿದ್ದಷ್ಟು ಕಾಲ ಅದೇ ಲೈನಿನ ಕೆಳಗೆ ನಾನೂ ಓಡಾಡಿದ್ದೇನೆ. ಸ್ಪ್ರೇಯರ್ ಇರುವುದು ನಮ್ಮ ಚನ್ನಗಿರಿ ಕಡೆಯ ತೋಟಗಳಲ್ಲಿ, ಅದರ ಸದ್ದು ಕೇಳಿಕೊಂಡೇ ನಾನು ಬೆಳೆದದ್ದು. ಅಡಿಕೆಯನ್ನೇ ನೋಡದ ಊರಿಂದ ಬಂದವಳಿಗೆ ಹೊಳೆದದ್ದು ನನಗೆ ಯಾಕೆ ಹೊಳೆಯಲಿಲ್ಲ? ಆ ದಿನ ಊಟ ರುಚಿಸಲಿಲ್ಲ.

ಅವಳ ವಿಧಾನವನ್ನು ಒಂದು ಪುಟದ ಸೂಚನೆಯಾಗಿ ಬರೆಸಿ ಎಲ್ಲ ಸಬ್‌ಡಿವಿಷನ್‌ಗಳಿಗೂ ಕಳಿಸಿದರು. ಜನ ಅದಕ್ಕೆ ‘ಹೊನ್ನಾಳಿ ಪದ್ಧತಿ’ ಎಂದು ಹೆಸರಿಟ್ಟರು. ನನಗೆ ಆ ಹೆಸರು ಕಿವಿಗೆ ಬಿದ್ದರೆ ಹಲ್ಲು ಜುಮ್ಮೆನ್ನುತ್ತಿತ್ತು.

ಮಾಗಿ ಚಳಿ ಶುರುವಾದಾಗ ನನ್ನ ಸ್ಟೇಷನ್ ಟ್ರಿಪ್ ಆಯಿತು. ಮುಂಜಾನೆ ಇಬ್ಬನಿ ಬಿದ್ದು ಸೂರ್ಯ ಇನ್ನೂ ಏಳದ ಹೊತ್ತು. ಸ್ಟೇಷನ್ ಪಕ್ಕದಲ್ಲಿ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು, ಆಚೆ ಜಲ್ಲಿ ಕ್ರಷರ್. ಡಿಸ್ಕ್‌ಗಳು ಹಿಟ್ಟಿನ ಗಿರಣಿಯಲ್ಲಿ ಕೂತು ಬಂದವರಂತೆ ಕಾಣುತ್ತಿದ್ದವು. ಕಾರಣದಲ್ಲಿ ಅನುಮಾನವೇ ಇರಲಿಲ್ಲ. ತೊಳೆಯಬೇಕಿತ್ತು, ತೊಳೆಸಿದೆ. ಸ್ಪ್ರೇಯರನ್ನು ಚನ್ನಗಿರಿಯಿಂದ ಬಾಡಿಗೆಗೆ ತರಿಸಿ, ಸೂಚನೆಯಲ್ಲಿದ್ದಂತೆ ಅಕ್ಷರ ತಪ್ಪದೆ ಮಾಡಿಸಿದೆ. ನನ್ನ ಗ್ಯಾಂಗಿನ ಮೇಸ್ತ್ರಿ ಬಸಪ್ಪ ಮುಂದೆ ನಿಂತು ಕೆಲಸ ಮಾಡಿದ. ಡಿಸ್ಕ್‌ಗಳು ಬಿಸಿಲಿಗೆ ಫಳಫಳ ಹೊಳೆದವು.

ವಾರ ಕಳೆಯುವುದರೊಳಗೆ ಮತ್ತೆ ಟ್ರಿಪ್. ಮತ್ತೆ ತೊಳೆಸಿದೆ. ಈ ಸಲ ಇನ್ನೂ ಬೇಗ ಟ್ರಿಪ್ ಆಯಿತು. ಮುಂಜಾನೆ ಸ್ಟೇಷನ್ನಿನ ಅಂಗಳದಲ್ಲಿ, ಯಾರ್ಡಿನಲ್ಲಿ, ನಿಂತರೆ ಮೊದಲು ಒಂದೆರಡು ಕಡೆ ಕೇಳುತ್ತಿದ್ದ ಚಟಚಟ ಈಗ ಎಲ್ಲ ಸರಗಳಲ್ಲೂ ಕೇಳುತ್ತಿತ್ತು. ಬಸಪ್ಪ ತಲೆ ಕೆರೆದುಕೊಂಡ.

“ಇದೇನ್ರೀ ಮೇಡಂ, ತೊಳ್ದಷ್ಟೂ ಉರಿತೈತಲ್ಲ! ನಮ್ಮತ್ತಿಗೆ ಸಮಾಧಾನ ಮಾಡ್ದಂಗಾತು.”

ಸ್ಟೇಷನ್ ನಿಂತರೆ ಕುಡಿಯುವ ನೀರಿನ ಪಂಪು ನಿಲ್ಲುತ್ತಿತ್ತು. ಪಂಪು ನಿಂತರೆ ನನ್ನ ಫೋನು ನಿಲ್ಲುತ್ತಿರಲಿಲ್ಲ. ಕೊನೆಗೆ ಸೂಪರಿಂಟೆಂಡಿಂಗ್ ಎಂಜಿನಿಯರ್ ಸಾಹೇಬರೇ ಫೋನ್ ಮಾಡಿದರು. ಸಿಟ್ಟು ಮಾಡುವ ಮನುಷ್ಯರಲ್ಲ, ಆ ದಿನವೂ ಮಾಡಲಿಲ್ಲ. ಮಾಡಿದ್ದರೆ ತಡೆದುಕೊಳ್ಳಬಹುದಿತ್ತು.

“ಹೇಮಾ, ಅದೇ ಪದ್ಧತಿ ಅಲ್ಲಿ ಕೆಲಸ ಮಾಡ್ತು, ನಿಮ್ಮಲ್ಲಿ ಯಾಕೆ ಮಾಡ್ತಿಲ್ಲ? ಮಾಡೋದ್ರಲ್ಲೇ ಏನೋ ವ್ಯತ್ಯಾಸ ಇರಬೇಕು. ಮುಂದಿನ ರಿವ್ಯೂ ಮೀಟಿಂಗ್‌ವರೆಗೆ ನೋಡ್ತೀನಿ. ಸರಿ ಹೋಗ್ಲಿಲ್ಲ ಅಂದ್ರೆ ಸ್ಟೇಷನ್ನ ಓಬಮ್ಮನವರ ಉಸ್ತುವಾರಿಗೆ ಕೊಡೋಣ. ನೀವು ಬೇಜಾರು ಮಾಡ್ಕೋಬೇಡಿ.”

ಬೇಜಾರು! ಬೇರೆ ಯಾರ ಕೈಗಾದರೂ ಕೊಡಲಿ, ನುಂಗಿಕೊಳ್ಳುತ್ತಿದ್ದೆ. ನಾನು ಕಟ್ಟಿದ ಯಾರ್ಡಿನಲ್ಲಿ ಓಬಮ್ಮ ಬಂದು ಸೊಂಟಕ್ಕೆ ಕೈಯಿಟ್ಟು ನಿಂತು, ನಾಲ್ಕು ದಿನದಲ್ಲಿ ಸರಿಮಾಡಿ, ಮತ್ತೊಂದು ಫೋಟೋ ತೆಗೆಸಿಕೊಂಡು ಹೋಗುವುದು ಕಣ್ಣಿಗೆ ಕಟ್ಟಿತು. ಅದೇ ಸಂಜೆ ಅವಳೂ ಫೋನ್ ಮಾಡಿದಳು.

“ಏನೇ ಹನುಮಿ, ನಿಮ್ಮ ಸ್ಟೇಷನ್ನು ಬಾಳ ಹಟ ಮಾಡ್ತೈತಂತೆ? ಬರ್ಲೇನೇ ನಾನು?”

“ಬ್ಯಾಡ,” ಎಂದೆ. “ನಮ್ಮನಿ ಕೂಸು ಹಟ ಮಾಡಿದ್ರೆ ನಾವೇ ಸಮಾಧಾನ ಮಾಡ್ತೀವಿ.”

“ಆತು ಬಿಡೇ, ಹೊಡಿಬ್ಯಾಡ ಮತ್ತೆ,” ಎಂದು ನಕ್ಕು ಇಟ್ಟಳು.

ಆ ನಗು ನನ್ನನ್ನು ಯಾರ್ಡಿಗೆ ಓಡಿಸಿತು. ಅಲ್ಲಿಯವರೆಗೆ ನಾನು ‘ನನ್ನ ಸ್ಟೇಷನ್ನಿನಲ್ಲಿ ಏನು ಕೆಟ್ಟಿದೆ’ ಎಂದು ಹುಡುಕುತ್ತಿದ್ದೆ. ಅಂದಿನಿಂದ ‘ಅವಳ ಪದ್ಧತಿಯಲ್ಲಿ ಏನು ಕೆಟ್ಟಿದೆ’ ಎಂದು ಹುಡುಕತೊಡಗಿದೆ. ಆ ಒಂದು ಪುಟವನ್ನು ಹಾಸ್ಟೆಲಿನ ಪರೀಕ್ಷೆಗೂ ಓದದಷ್ಟು ಸಲ ಓದಿದೆ. ಎಲ್ಲರೂ ಹೊಗಳಿದ ಪುಟ ಅದು. ಹೊಗಳುವವರು ಯಾರೂ ಎರಡನೇ ಸಲ ಓದಿರಲಿಲ್ಲ.

ಮೊದಲು ನನ್ನ ಕಣ್ಣು ಬಿದ್ದದ್ದು ಸ್ಪ್ರೇಯರಿನ ಮೇಲೆ. ತೋಟದವರು ಅದರಲ್ಲಿ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುತ್ತಾರೆ. ಟ್ಯಾಂಕಿನ ತಳದಲ್ಲಿ ಉಳಿದದ್ದು ಡಿಸ್ಕಿಗೆ ಹತ್ತಿದರೆ? ಸಿಕ್ಕಿಬಿದ್ದಳು ಎಂದು ಒಳಗೊಳಗೇ ಹಿಗ್ಗಿದೆ. ಟ್ಯಾಂಕ್ ಬಿಚ್ಚಿಸಿ ನೋಡಿದರೆ ಒಳಗೆ ಉಂಡ ತಟ್ಟೆ ತೊಳೆದಂತೆ ಚೊಕ್ಕಟ. ಮಾಲೀಕ ಬಾಡಿಗೆಗೆ ಕಳಿಸುವ ಮುಂಚೆ ಉಜ್ಜಿ ಉಜ್ಜಿ ತೊಳೆದಿದ್ದ. ನನಗೆ ಆದ ನಿರಾಸೆ ಅಷ್ಟಿಷ್ಟಲ್ಲ. ಒಬ್ಬ ಎಂಜಿನಿಯರ್ ಯಂತ್ರ ಚೊಕ್ಕಟವಾಗಿದೆ ಎಂದು ಬೇಸರ ಮಾಡಿಕೊಂಡದ್ದು ಅದೇ ಮೊದಲು ಇರಬೇಕು.

ಮುಂದಿನ ತೊಳೆತದ ದಿನ ನೆರಳಿನಲ್ಲಿ ಕೂರದೆ ಯಾರ್ಡಿನಲ್ಲೇ ನಿಂತೆ. ಮಧ್ಯಾಹ್ನದ ಬಿಸಿಲು. ಕಾದ ಪಿಂಗಾಣಿಗೆ ನೀರು ಬಿದ್ದದ್ದೇ ತಡ, ಹಬೆಯಾಡಿ ಒಣಗುತ್ತಿತ್ತು. ಮೇಲಿನ ಮೈ ಹೊಳೆಯುತ್ತಿತ್ತು. ಏಣಿ ಹತ್ತಿ ಡಿಸ್ಕಿನ ಕೆಳಗೆ ಕತ್ತು ಹಾಕಿ ನೋಡಿದರೆ ನೆರಿಗೆಗಳ ಸಂದಿಯಲ್ಲಿ ಬೆಳ್ಳನೆಯ ತೆಳು ಪೊರೆ. ಬೆರಳಾಡಿಸಿದೆ. ಧೂಳಲ್ಲ. ಜಗಳೂರು ಕಡೆಯ ಮನೆಗಳಲ್ಲಿ ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುತ್ತದಲ್ಲ, ಆ ಪೊರೆ.

ಕಣ್ಣಿಗೆ ಕಂಡದ್ದು ಸಾಕಾಗುವುದಿಲ್ಲ, ಅಳೆಯಬೇಕು. ಪಿಂಗಾಣಿಯ ಮೇಲೆ ಎಷ್ಟು ಉಪ್ಪು ಕೂತಿದೆ ಎಂದು ತಿಳಿಯುವ ಪರೀಕ್ಷೆಯೊಂದಿದೆ. ಉಪ್ಪಿಲ್ಲದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಡಿಸ್ಕನ್ನು ಒರೆಸಿ, ಹತ್ತಿಯನ್ನು ಅದೇ ನೀರಿಗೆ ಹಿಂಡಿ, ಆ ನೀರು ವಿದ್ಯುತ್ತನ್ನು ಎಷ್ಟು ಹಾಯಲು ಬಿಡುತ್ತದೆಂದು ನೋಡುವುದು. ಪ್ರಯೋಗಾಲಯದಲ್ಲಿ ಮಾಡುವ ಕೆಲಸ. ನನ್ನ ಹತ್ತಿರ ಇದ್ದದ್ದು ಸ್ಟೇಷನ್ನಿನ ಬ್ಯಾಟರಿ ರೂಮಿನಲ್ಲಿ ಬ್ಯಾಟರಿಗೆ ಹಾಕಲು ಇಟ್ಟಿದ್ದ ಡಿಸ್ಟಿಲ್ಡ್ ವಾಟರ್. ಅಳೆಯಲು ಮೀಟರ್ ಬೇಕಿತ್ತು. ಸ್ಟೇಷನ್ನಿಂದ ಸ್ವಲ್ಪ ದೂರದಲ್ಲಿ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಆ ಕಡೆಯ ಬೋರ್ ನೀರಿನಲ್ಲಿ ಫ್ಲೋರೈಡು, ಉಪ್ಪು ಎರಡೂ ಜಾಸ್ತಿ, ಹಾಗಾಗಿ ಊರಿಗೊಂದು ಘಟಕ. ಅಲ್ಲಿನ ಆಪರೇಟರ್ ಹತ್ತಿರ ನೀರಿನ ಉಪ್ಪು ತೋರಿಸುವ ಪೆನ್ನಿನಂಥ ಮೀಟರ್ ಇರುತ್ತದೆ. ಹೋಗಿ ಇಸಿದುಕೊಂಡು ಬಂದೆ.

ಯಾರ್ಡಿನ ಒಂದು ಬೇ, ಅಂದರೆ ಒಂದು ಲೈನಿಗೆ ಸೇರಿದ ಅಂಕಣದ ಡಿಸ್ಕ್‌ಗಳನ್ನು ತೊಳೆಯಲು ಆವರೆಗೆ ಶಟ್‌ಡೌನ್ ಸಿಕ್ಕಿರಲಿಲ್ಲ. ಧೂಳು ಹಾಗೇ ಇತ್ತು. ಆ ದಿನ ಅದನ್ನೂ ಆಫ್ ಮಾಡಿಸಿ, ಅರ್ಥ್ ಹಾಕಿಸಿ, ತೊಳೆಯದ ಡಿಸ್ಕ್ ಒಂದನ್ನೂ ತೊಳೆದ ಡಿಸ್ಕ್ ಒಂದನ್ನೂ ಒರೆಸಿ, ಅಳೆದು ಸುರಿದ ಅಷ್ಟಷ್ಟೇ ನೀರಿಗೆ ಹಿಂಡಿದೆ. ಎರಡು ಸ್ಟೀಲ್ ಲೋಟ. ತೊಳೆಯದ ಡಿಸ್ಕಿನ ನೀರು ಕೆಸರು ಬಣ್ಣ. ತೊಳೆದದ್ದರ ನೀರು ತಿಳಿ. ಪೆನ್ ಅದ್ದಿದೆ. ತಿಳಿ ನೀರಿನ ಅಂಕಿ ಕೆಸರಿನ ಅಂಕಿಯ ದುಪ್ಪಟ್ಟಿಗೂ ಮೇಲಿತ್ತು. ತೊಳೆದು ತೊಳೆದು ನಾವು ಡಿಸ್ಕ್‌ಗಳಿಗೆ ಉಪ್ಪು ಬಳಿಯುತ್ತಿದ್ದೆವು.

“ಬಸಪ್ಪ, ಟ್ಯಾಂಕರಿಗೆ ನೀರು ಎಲ್ಲಿಂದ ತುಂಬ್ತೀರಿ? ನಮ್ಮ ಬೋರಿಂದನಾ?”

“ಇಲ್ಲ ಮೇಡಂ. ನಮ್ಮ ಬೋರ್‌ನಾಗೆ ಕೆಂಪು ಬರ್ತೈತೆ. ಫಿಲ್ಟರ್ ಮನೇದು. ಕನ್ನಡಿ ಹಂಗೈತೆ ನೋಡ್ರಿ.”

“ಶುದ್ಧ ನೀರು ಇಷ್ಟು ಬಿಟ್ಟುಕೊಟ್ರಾ ಅವರು?”

ಬಸಪ್ಪನಿಗೆ ಬೇಜಾರಾಯಿತು. “ಏ, ಕುಡಿಯೋ ನೀರು ಯಾರಾದ್ರೂ ತಂದು ಪಿಂಗಾಣಿಗೆ ಹೊಡಿತಾರೇನ್ರೀ? ಕೊಡ ಹಿಡ್ಕಂಡು ಹೆಣ್ಮಕ್ಳು ಸಾಲು ನಿಂತಿರ್ತಾರೆ, ಅವರ ಮುಂದೆ ಟ್ಯಾಂಕರ್ ತುಂಬಿಸ್ಕಂಡು ಬಂದ್ರೆ ನಮ್ಗೆ ಒಳ್ಳೇದಾಗ್ತೈತಾ? ಹಿಂದ್ಗಡೆ ಪೈಪ್‌ನಾಗೆ ಬಿಡ್ತಾರಲ್ಲ, ಚರಂಡಿಗೆ ಹೋಗೋದು, ಅದನ್ನ ಹಿಡ್ಕಂತೀವಿ. ಊರಾಗೆ ಎಲ್ರೂ ಪಾತ್ರೆಗೆ, ದನದ ಮೈಗೆ ಅದನ್ನೇ ಹಾಕೋದು. ವೇಸ್ಟ್ ಯಾಕೆ ಮಾಡೋದು ಅಂತ.”

ನಾನು ಏಣಿಯ ಮೇಲೆಯೇ ಕೂತೆ. ಘಟಕ ಬೋರ್ ನೀರನ್ನು ಎರಡು ಪಾಲು ಮಾಡುತ್ತದೆ. ಒಂದು ಪಾಲು ಉಪ್ಪು ಕಳೆದುಕೊಂಡು ಮುಂದಿನ ನಲ್ಲಿಗೆ ಬರುತ್ತದೆ. ಆ ಉಪ್ಪನ್ನೆಲ್ಲ ಹೊತ್ತುಕೊಂಡ ಇನ್ನೊಂದು ಪಾಲು ಹಿಂದಿನ ಪೈಪಿನಿಂದ ಹೊರಗೆ ಹೋಗುತ್ತದೆ. ಸೋಸಿ ಬಂದದ್ದಾದ್ದರಿಂದ ನೋಡಲು ಕನ್ನಡಿಯೇ. ಪೆನ್ ಹಿಡಿದುಕೊಂಡು ಹೋಗಿ ಆ ಪೈಪಿನ ಬಾಯಿಗೆ ಇಟ್ಟೆ. ಬೋರಿನ ನೀರಿಗಿಂತಲೂ ಬಹಳ ಮೇಲೆ ಹೋಗಿ ನಿಂತಿತು. ಆ ತಾಲ್ಲೂಕಿನಲ್ಲಿ ಡಿಸ್ಕ್ ತೊಳೆಯಲು ಇದಕ್ಕಿಂತ ಕೆಟ್ಟ ನೀರು ಹುಡುಕಿದರೂ ಸಿಗುತ್ತಿರಲಿಲ್ಲ. ಅದನ್ನು ಹುಡುಕಿ ತಂದದ್ದು ನನ್ನ ಗ್ಯಾಂಗಿನ ಒಳ್ಳೆಯತನ.

ಹೊನ್ನಾಳಿಯಲ್ಲಿ ಓಬಮ್ಮ ಹೊಳೆಯ ಸಿಹಿನೀರು ಹೊಡೆದಿದ್ದಳು. ಅವಳ ಪುಟದಲ್ಲಿ ಸ್ಪ್ರೇಯರಿನ ಒತ್ತಡ ಇತ್ತು, ನಿಲ್ಲಬೇಕಾದ ದೂರ ಇತ್ತು, ಗನ್ ಹಿಡಿಯುವ ಕೋನ ಇತ್ತು. ಯಾವ ನೀರು ಎಂದು ಒಂದು ಸಾಲೂ ಇರಲಿಲ್ಲ. ಆ ಸಂಜೆ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಸ್ಟೇಷನ್ ಉಳಿಯಿತು ಎನ್ನುವುದಕ್ಕಿಂತ, ಅವಳ ಪುಟದಲ್ಲಿ ತೂತು ಸಿಕ್ಕಿತು ಎಂದು ಸಂತೋಷ. ಮನೆಗೆ ಹೋಗುವಾಗ ಜೀಪಿನಲ್ಲಿ ಹಾಡು ಗುನುಗುತ್ತಿದ್ದೆನಂತೆ. ಡ್ರೈವರ್ ಮರುದಿನ ಎಲ್ಲರಿಗೂ ಹೇಳಿದ.

ದಾವಣಗೆರೆಯ ರಿವ್ಯೂ ಮೀಟಿಂಗಿಗೆ ನಾನು ಫೈಲ್ ಒಯ್ಯಲಿಲ್ಲ. ಎರಡು ಬಾಟಲಿ ನೀರು, ಎರಡು ಲೋಟ, ಆ ಪೆನ್. ಒಂದು ಬಾಟಲಿಯಲ್ಲಿ ಹೊನ್ನಾಳಿ ಹೊಳೆಯ ನೀರು, ಇನ್ನೊಂದರಲ್ಲಿ ಹಿಂದಿನ ಪೈಪಿನದು. ಸಾಹೇಬರು, ಉಳಿದ ಎಂಜಿನಿಯರುಗಳು, ಎದುರಿನ ಸಾಲಿನಲ್ಲಿ ಓಬಮ್ಮ. ಎರಡೂ ಲೋಟ ತುಂಬಿಸಿ ಸಾಹೇಬರ ಮುಂದಿಟ್ಟು, ಯಾವುದು ಒಳ್ಳೆಯ ನೀರು ಎಂದು ಕೇಳಿದೆ. ಅವರು ತೋರಿಸಿದ್ದು ಪೈಪಿನ ನೀರನ್ನೇ, ಅದು ಹೊಳೆ ನೀರಿಗಿಂತ ತಿಳಿಯಾಗಿತ್ತು. ಆಮೇಲೆ ಪೆನ್ ಅದ್ದಿದೆ. ಹೊಳೆ ನೀರಿಗೆ ನೂರರ ಆಸುಪಾಸು. ಪೈಪಿನ ನೀರಿಗೆ ಸಾವಿರಗಳಲ್ಲಿ.

“ಈ ನೀರು ತುಂಬಿದ್ದು ಯಾರು?” ಸಾಹೇಬರು ಕೇಳಿದರು.

“ನಮ್ಮ ಗ್ಯಾಂಗ್, ಸರ್. ನನ್ನ ಗ್ಯಾಂಗ್. ಬೇರೆ ನೀರು ಹಾಕಿ ಅಂತ ಯಾವ ಸೂಚನೆಯಲ್ಲೂ ಬರೆದಿರಲಿಲ್ಲ.” ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಬಿಳಿಚೋಡಿನ ನೀರು ಕುಡಿದು ಬೆಳೆದವರಿಗೆ ಜಗಳೂರು ಸೀಮೆ ನೀರು ಹೆಂಗಿರುತ್ತೆ ಅಂತ ನಾನು ಹೇಳಿಕೊಡಬೇಕಾಗಿರಲಿಲ್ಲ.”

ಎಲ್ಲರೂ ಓಬಮ್ಮನ ಕಡೆ ತಿರುಗಿದರು. ವರ್ಷಗಟ್ಟಲೆ ನಾನು ಕಾದ ಗಳಿಗೆ ಅದು. ಅವಳು ಕೆಂಪಾಗಬೇಕು, ತಡವರಿಸಬೇಕು, ನೀರಿನ ವಿಷಯ ಎಲ್ಲರಿಗೂ ಗೊತ್ತಿರುವಂಥದ್ದು ಎಂದು ಜಾರಿಕೊಳ್ಳಬೇಕು. ಅವಳು ಎದ್ದು ಬಂದು ಪೈಪಿನ ನೀರಿದ್ದ ಲೋಟಕ್ಕೆ ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡಳು.

“ಥೂ! ನಮ್ಮೂರಿಂದೇ!” ಎಂದು ಜೋರಾಗಿ ನಕ್ಕಳು. “ಹನುಮಕ್ಕ ಹೇಳಿದ್ದು ಸರಿ ಐತೆ ಸಾರ್. ತಪ್ಪು ನಂದು. ಈ ನೀರಾಗೆ ಬ್ಯಾಳೆ ಬೇಯಲ್ಲ ಅಂತ ನಮ್ಮವ್ವ ಒಲೆ ಮುಂದೆ ಬೈಕಂತ ಕುಂತಿರ್ತಿದ್ಲು. ಗೊತ್ತಿದ್ದೂ ಬರೀಲಿಲ್ಲ. ಹೊಳೆ ದಂಡ್ಯಾಗೆ ಕುಂತು ಬರ್ದೆ ನೋಡ್ರಿ, ನೀರು ಅಂದ್ರೆ ಎಲ್ಲಾ ಕಡೆ ಅದೇ ಅನ್ಕಂಡೆ. ಹೊಸ ಸೂಚನೆ ಇವಳೇ ಬರೀಲಿ. ನಂದು ಹರಿದು ಹಾಕ್ರಿ.”

ಇಡೀ ಕೋಣೆ ನಕ್ಕಿತು. ಸಾಹೇಬರೂ ನಕ್ಕರು. ನಾನು ಗೆದ್ದಿದ್ದೆ. ಸ್ಟೇಷನ್ ನನ್ನ ಕೈಯಲ್ಲೇ ಉಳಿಯಿತು, ಸೂಚನೆಯ ಕೆಳಗೆ ನನ್ನ ಹೆಸರು ಬರುವುದೂ ಖಾತ್ರಿಯಾಯಿತು. ಆದರೆ ಮೀಟಿಂಗ್ ಮುಗಿದು ಜನ ಚಹಾಕ್ಕೆ ಎದ್ದಾಗ ಸುತ್ತುಗಟ್ಟಿ ನಿಂತದ್ದು ಅವಳ ಸುತ್ತ. ತಪ್ಪು ಮಾಡಿದವಳು ಅವಳು, ಎಲ್ಲರೂ ಇಷ್ಟಪಟ್ಟದ್ದೂ ಅವಳನ್ನೇ. ಸರಿ ಇದ್ದಾಗ ಮುಂದೆ ಹೋದಳು, ಇರಲಿ. ತಪ್ಪಿದ್ದಾಗಲೂ ಮುಂದೆ ಹೋಗುವುದು ಹೇಗೆ ಸಾಧ್ಯ? ನನ್ನ ಒಂದು ಲೆಕ್ಕ ತಪ್ಪಿದರೆ ನಾನು ವಾರಗಟ್ಟಲೆ ಮುಖ ಎತ್ತುವುದಿಲ್ಲ. ನಮ್ಮಂಥ ಮನೆಯಿಂದ ಬಂದವರು ಒಂದು ಸಲ ತಪ್ಪಿದರೆ ಇಡೀ ಮನೆತನವೇ ತಪ್ಪಿದಂತೆ ಎಂದುಕೊಂಡೇ ಬದುಕಿದವಳು ನಾನು. ಅವಳೂ ಅಂಥದೇ ಮನೆಯವಳು. ಅವಳಿಗೆ ಆ ಭಯ ಯಾಕಿಲ್ಲ?

ಅವಳು ಎರಡು ಕಪ್ ಚಹಾ ಹಿಡಿದು ನನ್ನ ಹತ್ತಿರ ಬಂದಳು.

“ನೀನು ಹೊಟ್ಟೆಕಿಚ್ಚಿನಾಕಿ ಅಂತ ಹಾಸ್ಟೆಲ್‌ನಿಂದ್ಲೂ ಗೊತ್ತು ಕಣೇ. ಅದು ಇಷ್ಟು ಕೆಲ್ಸಕ್ಕೆ ಬರ್ತೈತೆ ಅಂತ ಗೊತ್ತಿರ್ಲಿಲ್ಲ.”

“ಯಾರಿಗೆ ಹೊಟ್ಟೆಕಿಚ್ಚು?”

“ಹೋಗ್ಲಿ ಬಿಡು, ಚಾ ಕುಡಿ. ಆರ್ತೈತೆ.”

ಮುಂದಿನ ಕೆಲಸ ಸುಲಭದ್ದಾಗಿರಲಿಲ್ಲ. ಒಣಗಿ ಕಟ್ಟಿದ ಪೊರೆ ಬರಿ ನೀರಿಗೆ ಬಿಡುವುದಿಲ್ಲ. ಡಿಸ್ಕ್ ಡಿಸ್ಕನ್ನೂ ಬಟ್ಟೆಯಿಂದ ಉಜ್ಜಿಸಿ, ಹೊನ್ನಾಳಿಯಿಂದ ಟ್ಯಾಂಕರಿನಲ್ಲಿ ಹೊಳೆ ನೀರು ತರಿಸಿ ತೊಳೆಸಿ, ಒಣಗಿದ ಮೇಲೆ ಸಿಲಿಕೋನ್ ಗ್ರೀಸ್ ಹಚ್ಚಿಸಿದೆವು. ಗ್ರೀಸ್ ಮೇಲೆ ನೀರು ಪದರವಾಗಿ ಹರಡುವುದಿಲ್ಲ, ಕೆಸುವಿನ ಎಲೆಯ ಮೇಲಿನಂತೆ ಹನಿ ಹನಿಯಾಗಿ ನಿಲ್ಲುತ್ತದೆ. ಹನಿಗಳ ಮೇಲೆ ವಿದ್ಯುತ್ತಿಗೆ ದಾರಿ ಸಿಗುವುದಿಲ್ಲ. ಟ್ಯಾಂಕರ್, ಹಿಂದೆ ನನ್ನ ಜೀಪು ಘಟಕದ ಮುಂದೆ ಹಾದು ಬರುವಾಗ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕೊಡ ಸೊಂಟಕ್ಕಿಟ್ಟುಕೊಂಡೇ ಕೂಗಿದಳು: “ಏನ್ರೀ ಮೇಡಮ್ಮಾರೆ, ನಮಿಗೆ ಹೊಳೆ ನೀರು ತರ್ರೀ ಅಂದ್ರೆ ನಿಮ್ಮ ಕಂಬಕ್ಕೆ ಸ್ನಾನ ಮಾಡ್ಸಾಕೆ ತಂದ್ರಾ? ನಾಳೆ ಸೋಪೂ ತರ್ತೀರೇನು?” ತೊಳೆದಾದ ಮೇಲೆ ಬಸಪ್ಪ ಟ್ಯಾಂಕರನ್ನು ಆ ಸಾಲಿನ ಮುಂದೆಯೇ ನಿಲ್ಲಿಸಿ, ಉಳಿದ ನೀರನ್ನು ಕೊಡಗಳಿಗೆ ಬಿಟ್ಟ.

ಆಮೇಲೆ ಇಬ್ಬನಿ ಬಿದ್ದ ಮುಂಜಾನೆಗಳಲ್ಲಿ ನಾನು ಯಾರ್ಡಿಗೆ ಹೋಗಿ ನಿಲ್ಲುತ್ತಿದ್ದೆ. ಚಟಚಟ ಇರಲಿಲ್ಲ. ಟ್ರಾನ್ಸ್‌ಫಾರ್ಮರಿನ ಗುಂಯ್ ಎನ್ನುವ ಒಂದೇ ಸ್ವರ. ಆ ಚಳಿಗಾಲದಲ್ಲಿ ಸ್ಟೇಷನ್ ಮತ್ತೆ ಆ ಕಾರಣಕ್ಕೆ ನಿಲ್ಲಲಿಲ್ಲ. ಹೊಸ ಸೂಚನೆ ನನ್ನ ಹೆಸರಿನಲ್ಲೇ ಹೊರಟಿತು. ಅದರ ಮೊದಲ ಸಾಲು: ತೊಳೆಯುವ ಮುಂಚೆ ಆ ಊರಿನ ನೀರನ್ನು ಅಳೆಯಿರಿ, ಕಣ್ಣನ್ನು ನಂಬಬೇಡಿ.

ಈಗ ಹೊಸದಾಗಿ ಸೇರಿದ ಎಂಜಿನಿಯರುಗಳಿಗೆ ತರಬೇತಿ ಕೊಡಲು ನನ್ನನ್ನು ಕರೆಯುತ್ತಾರೆ. ಅವರಲ್ಲಿ ಮನೆತನಕ್ಕೆ ಮೊದಲ ಡಿಗ್ರಿಯವರು ಯಾರು ಎಂದು ಕೇಳುತ್ತೇನೆ, ಎತ್ತಿದ ಕೈಗಳನ್ನು ನೋಡಿ ಖುಷಿಪಡುತ್ತೇನೆ. ಪಿಂಗಾಣಿ, ಉಪ್ಪು, ಇಬ್ಬನಿಯ ಪಾಠವೆಲ್ಲ ಮುಗಿದ ಮೇಲೆ ಪುಸ್ತಕದಲ್ಲಿಲ್ಲದ ಒಂದು ಮಾತು ಹೇಳುತ್ತೇನೆ. ನಿಮ್ಮ ಕೆಲಸವನ್ನು ಮೆಚ್ಚುವವರಿಗೆ ತೋರಿಸಿ ಸುಮ್ಮನಾಗಬೇಡಿ. ಅವರು ಒಂದೇ ಸಲ ಓದುತ್ತಾರೆ. ನಿಮ್ಮನ್ನು ಕಂಡರೆ ಹೊಟ್ಟೆ ಉರಿಯುವವರು ಒಬ್ಬರು ಇದ್ದೇ ಇರುತ್ತಾರೆ, ಅವರಿಗೆ ತೋರಿಸಿ. ನೀವು ಬರೆಯದೆ ಬಿಟ್ಟ ಸಾಲನ್ನು ಅವರಷ್ಟು ಶ್ರದ್ಧೆಯಿಂದ ಹುಡುಕುವವರು ಮತ್ತೊಬ್ಬರಿಲ್ಲ.

ನಾನೂ ಹಾಗೇ ಮಾಡುತ್ತೇನೆ. ಏನು ಬರೆದರೂ ಮೇಲಕ್ಕೆ ಕಳಿಸುವ ಮೊದಲು ಓಬಮ್ಮನಿಗೆ ಕಳಿಸುತ್ತೇನೆ. ಅವಳು ಓದಿ ಉತ್ತರ ಹಾಕುತ್ತಾಳೆ: “ಚಲೋ ಬರ್ದೀಯ ಕಣೇ ಹನುಮಿ, ಒಂದಕ್ಷರ ಮುಟ್ಟಬ್ಯಾಡ.” ಮನಸ್ಸಿನಿಂದಲೇ ಹೇಳುತ್ತಾಳೆ, ಅದು ನನಗೆ ಗೊತ್ತು. ಇಷ್ಟು ವರ್ಷವಾದರೂ ಅವಳಿಗೆ ನನ್ನ ಮೇಲೆ ಒಂದು ಚೂರೂ ಹೊಟ್ಟೆಕಿಚ್ಚಿಲ್ಲ. ನನ್ನ ತಪ್ಪುಗಳನ್ನು ನಾನೇ ಹುಡುಕಿಕೊಳ್ಳಬೇಕು. ಅವಳಿಗಾದರೆ ನಾನಿದ್ದೇನೆ.